ಟೈಲ್ಸ್ ಹಾಕಿದ ಕೆರೆಗೂ ಒಂದು ದೋಟಿ ಇರ್ಲಿ

(ದೊಡ್ಡ ರಜೆ ಸುರುವಾಗುವ ಮೊದ್ಲು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ವಾಚನಾಲಯದಲ್ಲಿ ಮಾತಾಡಿದ್ದು. ಹುಡುಗರು ಮೊಬೈಲಲ್ಲಿ ರೆಕಾರ್ಡ್ ಮಾಡಿದ್ರು, ಅದನ್ನೇ ಕೇಳಿ ಬರ್ದದ್ದು, ಹಾಗಾಗಿ ಮಾತು ಮಾತಿನ ಹಾಗೇ ಉಂಟು, ಕ್ಷಮಿಸಿ.)

ಎಲ್ಲರಿಗೂ ನಮಸ್ಕಾರ. ಮೈಕ್ ಸ್ವಲ್ಪ ಕಿರಿಕಿರಿ ಮಾಡ್ತಾ ಉಂಟು, ಹಿಂದೆ ಕೂತವರಿಗೆ ಕೇಳದಿದ್ರೆ ಕೈ ಎತ್ತಿ.

ಈಜುಕೊಳದ ಸುರಕ್ಷತೆ ಬಗ್ಗೆ ಮಾತಾಡಿ ಮಾಷ್ಟ್ರೆ ಅಂತ ಫೋನ್ ಬಂದಾಗ ನಂಗೆ ನಗು ಬಂತು, ನಮ್ಮ ಈ ಗುಡ್ಡೆ ಮೂಲೆಯಲ್ಲಿ ಎಂತ ಈಜುಕೊಳ ಮಾರಾಯ್ರೆ, ಇರುವುದು ದೇವಸ್ಥಾನದ ಕೆರೆ, ತೋಟದ ಕೆರೆ, ಕಲ್ಲಿನ ಕೋರೆಯಲ್ಲಿ ನಿಂತ ಮಳೆನೀರು, ಮತ್ತೆ ಆಚೆ ಚಂದ್ರಗಿರಿ ಹೊಳೆ. ಆದ್ರೆ ಫೋನ್ ಇಟ್ಟ ಮೇಲೆ ಸುಮ್ನೆ ಬೆರಳಲ್ಲಿ ಲೆಕ್ಕ ಹಾಕಿದೆ. ಬೇಕಲದ ರೆಸಾರ್ಟುಗಳನ್ನು ಬಿಡಿ, ನನ್ನ ಮನೆಯಿಂದ ಸ್ಕೂಟರಲ್ಲಿ ಅರ್ಧ ಗಂಟೆಯ ಒಳಗೆ ಹೋಂಸ್ಟೇ ಅಂತ ಬೋರ್ಡು ಹಾಕಿದ್ದು ನಾಲ್ಕು, ನಾಲ್ಕರಲ್ಲೂ ನೀಲಿ ಟೈಲ್ಸಿನ ಕೊಳ. ಗಲ್ಫಿಂದ ಬಂದವರು ಕಟ್ಟಿಸಿದ ಮನೆಗಳಲ್ಲಿ ಎರಡು. ಅಡಿಕೆಗೆ ನೀರು ಬಿಡ್ಲಿಕ್ಕೆ ಅಂತ ಪ್ಲಾಸ್ಟಿಕ್ ಶೀಟ್ ಹಾಸಿ ಮಾಡಿದ ಟ್ಯಾಂಕಿಗೇ ಒಂದು ಏಣಿ ಇಳಿಸಿ ಸ್ವಿಮ್ಮಿಂಗ್ ಪೂಲ್ ಅಂತ ಹೇಳುವವರು ಬೇರೆ. ಬಾವಿಗೆ ಕಟ್ಟೆ ಕಟ್ಟದ ಜನ ನಾವು ಈಗ ಮನೆಗೊಂದು ಪೂಲ್ ಮಾಡ್ತಾ ಇದ್ದೇವೆ!

ನಾನು ಈಜು ಕಲ್ತದ್ದು ದೇವಸ್ಥಾನದ ಕೆರೆಯಲ್ಲಿ. ಎರಡು ಒಣ ತೆಂಗಿನಕಾಯಿಯ ಸಿಪ್ಪೆ ಸ್ವಲ್ಪ ಎಬ್ಬಿಸಿ ಗಂಟು ಹಾಕಿ ಹೊಟ್ಟೆಯ ಅಡಿಗೆ ಕೊಡ್ತಿದ್ರು, ಒಂದು ವಾರ ಅದರ ಮೇಲೆ ಕೈಕಾಲು ಬಡಿಯುವುದು, ಆಮೇಲೆ ಒಂದು ಕಾಯಿ ಬಿಚ್ಚುವುದು, ಆಮೇಲೆ ಎರಡೂ ಇಲ್ಲ. ಆ ಇಡೀ ವಾರ ಅಜ್ಜ ಮೆಟ್ಟಿಲಲ್ಲಿ ಕೂತಿರ್ತಿದ್ದದ್ದು, ಬಾಯಲ್ಲಿ ಎಲೆಅಡಿಕೆ, ಮಡಿಲಲ್ಲಿ ಅಡ್ಡ ಒಂದು ದೋಟಿ, ಅಡಿಕೆ ಕೊಯ್ಯುವ ಉದ್ದದ ಕೋಲು. ಯಾರಿಗಾದ್ರೂ ಕಾಲು ಸೋತ್ರೆ ಮಾತಿಲ್ಲ ಕತೆಯಿಲ್ಲ, ದೋಟಿಯ ತುದಿ ಮೂಗಿನ ಎದುರಿಗೆ ಬರ್ತಿತ್ತು, ಹಿಡ್ಕೊಂಡ್ರೆ ಆಯ್ತು. ಅಜ್ಜ ಒಂದು ಸಲ ಕೂಡ ನೀರಿಗೆ ಇಳಿದದ್ದು ನಾನು ನೋಡಿಲ್ಲ. ಇವತ್ತು ನಾನು ಹೇಳ್ಲಿಕ್ಕೆ ಬಂದದ್ದರಲ್ಲಿ ಮುಕ್ಕಾಲು ಪಾಲು ಈ ದೋಟಿಯ ಕತೆಯೇ.

ಇನ್ನೊಂದು, ಕೆರೆ ಅಂದ್ರೆ ನಮ್ಗೆ ಹೆದರಿಕೆ ಇತ್ತು. ಕುಂಬಳೆ ಹತ್ರ ಅನಂತಪುರದ ಕೆರೆಯಲ್ಲಿ ಬಬಿಯ ಇತ್ತಲ್ವಾ, ನೈವೇದ್ಯದ ಅನ್ನ ತಿಂದ್ಕೊಂಡು ಯಾರಿಗೂ ಏನೂ ಮಾಡದೆ ಇದ್ದ ಮೊಸಳೆ, 2022ರ ಅಕ್ಟೋಬರದಲ್ಲಿ ತೀರಿಹೋಯ್ತು. ಅದು ಪಾಪದ್ದು ಅಂತ ಇಡೀ ಊರಿಗೆ ಗೊತ್ತಿತ್ತು, ಆದ್ರೂ ಆ ನೀರಿಗೆ ಕೈ ಹಾಕುವ ಮೊದ್ಲು ಎಲ್ರೂ ಒಮ್ಮೆ ಸುತ್ತ ನೋಡ್ತಿದ್ರು. ಆ ಒಂದು ನೋಟ ಉಂಟಲ್ಲ, ಅದು ನೀಲಿ ಟೈಲ್ಸಿನ ಕೊಳದ ಎದುರು ನಿಂತಾಗ ನಮ್ಮಿಂದ ಮಾಯ. ತಳ ಕಾಣ್ತದೆ, ನೀರು ಫಳಫಳ ಹೊಳೀತದೆ, ಪಕ್ಕದಲ್ಲಿ ಕುರ್ಚಿ ಕೊಡೆ ಎಲ್ಲ ಉಂಟು, ಇದ್ರಲ್ಲಿ ಎಂತ ಆಗ್ಲಿಕ್ಕುಂಟು ಅಂತ.

ಆಗ್ತದೆ. ತಲಪಾಡಿ ಗಡಿ ದಾಟಿದ್ರೆ ಇಲ್ಲೇ ಸ್ವಲ್ಪ ದೂರ, ಸೋಮೇಶ್ವರ ಉಚ್ಚಿಲ. 2024ರ ನವೆಂಬರ 17, ಭಾನುವಾರ ಬೆಳಗ್ಗೆ. ಮೈಸೂರಿಂದ ಬಂದ ಮೂರು ಜನ ಹುಡುಗಿಯರು ಅಲ್ಲಿಯ ಒಂದು ರೆಸಾರ್ಟಿನ ಕೊಳದಲ್ಲಿ ಹೋದ್ರು, ಮೂರು ಜನವೂ. ನಿಮ್ಮಲ್ಲಿ ತುಂಬ ಜನ ಆ ಸಿಸಿಟಿವಿ ವೀಡಿಯೋ ನೋಡಿರ್ತೀರಿ, ನೋಡದವರು ದಯವಿಟ್ಟು ಹುಡ್ಕಿ ನೋಡ್ಬೇಡಿ. ಯಾರಿಗೂ ಈಜು ಬರ್ತಿರ್ಲಿಲ್ಲ, ಒಬ್ಳು ಆಳದ ಕಡೆಗೆ ಜಾರಿದ್ಲು, ಎಳೀಲಿಕ್ಕೆ ಹೋದವಳು ಸಿಕ್ಕಿಹಾಕ್ಕೊಂಡ್ಲು, ಅವಳನ್ನು ಎಳೀಲಿಕ್ಕೆ ಹೋದವಳೂ. ಲೈಫ್‌ಗಾರ್ಡ್ ಇರ್ಲಿಲ್ಲ. ಸಮುದ್ರ ಕೂಗಳತೆಯಲ್ಲಿ, ಸಮುದ್ರಕ್ಕೆ ಹೆದರಿ ಕೊಳ ಸೇಫ್ ಅಂತ ಬಂದ್ರೋ ಏನೋ, ಅದನ್ನು ಯೋಚಿಸಿದ್ರೆ ನಂಗೆ ಈಗ್ಲೂ ಹೊಟ್ಟೆ ಒಳಗೆ ಒಂಥರ ಆಗ್ತದೆ.

ಈ ಜಾರುವುದು ಅಂದ್ರೆ ಎಂತ ಅಂತ ಸ್ವಲ್ಪ ಹೇಳ್ತೇನೆ. ಹೆಚ್ಚಿನ ಕೊಳಗಳಲ್ಲಿ ಒಂದು ತುದಿ 3 ಅಡಿ, ಇನ್ನೊಂದು ತುದಿ 5 ಅಡಿಯೋ 6 ಅಡಿಯೋ, ನಡುವಲ್ಲಿ ತಳ ಇಳಿಜಾರು, ಅದಕ್ಕೂ ಟೈಲ್ಸ್. ಮೇಲಿಂದ ನೋಡಿದ್ರೆ ಇಳಿಜಾರು ಕಾಣುವುದೇ ಇಲ್ಲ, ನೀರು ಯಾವಾಗ್ಲೂ ಇದ್ದದ್ದಕ್ಕಿಂತ ಕಮ್ಮಿ ಆಳ ಕಾಣಿಸ್ತದೆ. ಸೊಂಟದಷ್ಟು ನೀರಲ್ಲಿ ನಡ್ಕೊಂಡು ಹೋಗ್ತಾ ಇದ್ದವರು ಒಂದು ಹೆಜ್ಜೆ ಮುಂದೆ ಇಟ್ರೆ ಎದೆ, ಇನ್ನೊಂದು ಹೆಜ್ಜೆಗೆ ಗದ್ದ. ಹಿಂದೆ ಬರ್ಲಿಕ್ಕೆ ಕಾಲು ಊರಿದ್ರೆ ಕಾಲು ಇಳಿಜಾರಲ್ಲಿ ಕೆಳಗೇ ಹೋಗ್ತದೆ, ನೀರಲ್ಲಿ ಮೈ ಹಗುರ ಆದ ಕಾರಣ ಹಿಡಿತ ಸಿಕ್ಕುವುದಿಲ್ಲ. 5 ಅಡಿ 2 ಇಂಚು ಎತ್ತರದವರಿಗೆ ಮೂಗು ಮುಳುಗ್ಲಿಕ್ಕೆ 5 ಅಡಿ ನೀರು ಧಾರಾಳ ಸಾಕು. ಹಾಗಾಗಿ ಹೋಂಸ್ಟೇ ಇಟ್ಟವರು ಇಲ್ಲಿ ಇದ್ರೆ ಒಂದು ಮಾತು: ಆಳ ಸುರುವಾಗುವ ಜಾಗದಲ್ಲಿ ತೇಲುವ ಹಗ್ಗ ಅಡ್ಡ ಕಟ್ಟಿ, ಮತ್ತೆ ಆಳ ಎಷ್ಟು ಅಂತ ಕನ್ನಡದಲ್ಲಿ ಬರೀರಿ. ನಮ್ಮಲ್ಲಿ ಬೋರ್ಡು ಪೂರ ಮಲಯಾಳ, ಇಲ್ಲದಿದ್ರೆ ಇಂಗ್ಲಿಷ್. ಬರುವ ಗೆಸ್ಟುಗಳು ಪುತ್ತೂರು, ಮಡಿಕೇರಿ, ಮೈಸೂರು ಕಡೆಯವರು. ಕಾಸರಗೋಡಲ್ಲಿ ಕನ್ನಡ ಬೋರ್ಡಿಗೆ ಹೋರಾಟ ಮಾಡಿ ಮಾಡಿ ನಮ್ಗೆ ಅಭ್ಯಾಸ ಉಂಟು, ಆದ್ರೆ ಇಲ್ಲಿ ಬೋರ್ಡು ಓದ್ಲಿಕ್ಕಾಗದಿದ್ರೆ ಜೀವ ಹೋಗ್ತದೆ.

ಈಗ ನನ್ನದೇ ಒಂದು ತಪ್ಪು ಹೇಳ್ತೇನೆ. ಕೆಲವು ವರ್ಷದ ಹಿಂದೆ ಸಂಬಂಧಿಕರದ್ದು ಒಂದು ಮನೆ ಒಕ್ಕಲು, ಹೊಸ ಮನೆ, ಅಂಗಳದ ಆಚೆ ಚಿಕ್ಕ ಕೊಳ. ಊಟ ಆಗಿತ್ತು, ಮಕ್ಕಳು ಏಳೆಂಟು ಜನ ನೀರಿಗೆ ಬಿದ್ದಿದ್ರು, ಸುತ್ತ ನಾವು ದೊಡ್ಡವರು ಹದಿನೈದು ಜನ ಆದ್ರೂ ಕುರ್ಚಿ ಹಾಕ್ಕೊಂಡು ಕೂತಿದ್ದೆವು. ಕೆಲವರು ಎಲೆಅಡಿಕೆ ಮೆಲ್ತಾ ಇದ್ರು, ಕೆಲವರದ್ದು ಅಡಿಕೆ ರೇಟಿನ ಮಾತು, ನಾನು ಯಾರೋ ಕಳ್ಸಿದ ವೀಡಿಯೋ ನೋಡ್ತಾ ಇದ್ದೆ. ನಾನು, ಮೂವತ್ತು ವರ್ಷ ಶಾಲೆಯಲ್ಲಿ ಪಿ.ಟಿ. ಮಾಷ್ಟ್ರಾಗಿದ್ದವ! ಎಂತಕ್ಕೋ ತಲೆ ಎತ್ತಿದೆ. ಆರು ವರ್ಷದ ಒಂದು ಹುಡುಗಿ, ಕಿತ್ತಳೆ ಬಣ್ಣದ ಫ್ರಾಕು, ನೀರಲ್ಲಿ ನೇರ ನಿಂತ ಹಾಗೆ ಉಂಟು, ತಲೆ ಸ್ವಲ್ಪ ಹಿಂದಕ್ಕೆ, ಬಾಯಿ ನೀರಿನ ಮಟ್ಟಕ್ಕೆ ಸರೀ, ಕೂದಲು ಹಣೆ ಕಣ್ಣಿಗೆಲ್ಲ ಅಂಟಿದ್ದು, ಅದನ್ನು ಅವಳು ಸರಿಸುವುದಿಲ್ಲ. ಅದೇ ನಂಗೆ ಹೊಡ್ದದ್ದು, ಕೂದಲು ಸರಿಸದ ಮಗು ಉಂಟಾ? ಎರಡೂ ಕೈ ಬದಿಗೆ ಚಾಚಿ ನೀರನ್ನು ಕೆಳಗೆ ಒತ್ತುತ್ತಾ ಉಂಟು, ಏಣಿ ಹತ್ತುವವರ ಹಾಗೆ. ಶಬ್ದ ಇಲ್ಲ. ಅವಳಿಂದ ಒಂದು ಮೊಳ ದೂರದಲ್ಲಿ ಅವಳ ಅಣ್ಣ ನೀರೆರಚ್ತಾ ನಗ್ತಾ ಇದ್ದಾನೆ, ಅವನಿಗೂ ಗೊತ್ತಿಲ್ಲ. ಬಾಗಿ ಕೈ ಹಾಕಿ ಎಳ್ದೆ, ದಂಡೆಗೆ ಹತ್ರವೇ ಇದ್ದ ಕಾರಣ ಆಯ್ತು. ಎಳ್ದ ಮೇಲೆ ಕೆಮ್ಮಿ ಕೆಮ್ಮಿ ಆಮೇಲೆ ಕೂಗಿದ್ದು ಅವಳು. ಅವಳ ಅಮ್ಮ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದದ್ದು, ಎಂತ ಆಯ್ತು ಅಂತ ಕೇಳಿದ್ಲು.

ಮುಳುಗುವವರು ಕೈ ಮೇಲೆತ್ತಿ ಬೊಬ್ಬೆ ಹೊಡೀತಾರೆ ಅಂತ ಸಿನೆಮಾ ನಮ್ಗೆ ಕಲ್ಸಿದ್ದು. ಅಮೆರಿಕದಲ್ಲಿ ಫ್ರಾಂಕ್ ಪಿಯಾ ಅಂತ ಒಬ್ರು ಲೈಫ್‌ಗಾರ್ಡ್, ಮುಳುಗುವವರನ್ನು ಫಿಲ್ಮ್ ತೆಗ್ದು ಕೂತು ಅಭ್ಯಾಸ ಮಾಡಿ ಹೇಳಿದ್ದು ಏನಂದ್ರೆ ಬೊಬ್ಬೆ ಹೊಡೀಲಿಕ್ಕೆ ಮೊದ್ಲು ಉಸಿರು ಬೇಕು, ಉಸಿರೇ ಸಿಕ್ಕದವರಿಗೆ ಬೊಬ್ಬೆ ಎಲ್ಲಿಂದ? ಬಾಯಿ ಮೇಲೆ ಬಂದಷ್ಟು ಹೊತ್ತಿಗೆ ಒಂದು ದಮ್ಮು ಎಳ್ಕೊಳ್ಳುವುದೇ ಆಗ್ತದೆ, ಅಷ್ಟರಲ್ಲಿ ಮತ್ತೆ ಕೆಳಗೆ. ಕೈ ಬೀಸಿ ಕರೀಲಿಕ್ಕೂ ಆಗುವುದಿಲ್ಲ, ಕೈ ತನ್ನಷ್ಟಕ್ಕೆ ನೀರನ್ನು ಒತ್ತುತ್ತಾ ಇರ್ತದೆ. ಹಾಗೆ ಮೇಲೆ ಇರುವುದು 20 ಸೆಕೆಂಡಿಂದ 60 ಸೆಕೆಂಡ್. ಒಂದು ವಾಟ್ಸಾಪ್ ವೀಡಿಯೋದಷ್ಟು ಹೊತ್ತು, ಅಷ್ಟೇ. ಗಲಾಟೆ ಮಾಡ್ತಾ ಇದ್ದ ಮಗು ಸಡನ್ನಾಗಿ ಸುಮ್ನಾದ್ರೆ ಮನೆಯೊಳಗಾದ್ರೂ ನಾವು ಎದ್ದು ಹೋಗಿ ನೋಡ್ತೇವಲ್ಲ, ಗೋಡೆಗೆ ಚಿತ್ರ ಬರೀತಾ ಉಂಟೋ ಅಂತ, ಅದೇ ಬುದ್ಧಿ ನೀರಿನ ಹತ್ರ ಇಟ್ಕೊಳ್ಳಿ.

ಅವತ್ತು ಹದಿನೈದು ಜನ ಇದ್ದದ್ದೇ ತೊಂದ್ರೆ ಆದದ್ದು, ನೀವು ಯೋಚ್ನೆ ಮಾಡಿ. ಎಲ್ರೂ ಇದ್ದಾರಲ್ಲ ಯಾರಾದ್ರೂ ನೋಡ್ತಾರೆ ಅಂತ ಎಲ್ರೂ ಅಂದ್ಕೊಂಡದ್ದು. ಅಲ್ಲಿಂದ ಮೇಲೆ ನಮ್ಮ ಕುಟುಂಬದಲ್ಲಿ ಒಂದು ಕ್ರಮ ಮಾಡಿದ್ದೇವೆ, ನೀರಿನ ಹತ್ರ ಮಕ್ಕಳು ಇದ್ರೆ ಒಬ್ರ ಕುತ್ತಿಗೆಯಲ್ಲಿ ಬೈರಾಸು, ಅಂದ್ರೆ ಟವೆಲು. ಬೈರಾಸು ಹಾಕಿದವರು ನೀರು ಬಿಟ್ಟು ಬೇರೆ ಕಡೆ ನೋಡ್ಬಾರ್ದು, ಫೋನ್ ಇಲ್ಲ, ಪುಸ್ತಕ ಇಲ್ಲ, ಕುಡಿತ ಅಂತೂ ಕೇಳ್ಲೇಬೇಡಿ, ಹದಿನೈದು ನಿಮಿಷಕ್ಕೆ ಬೈರಾಸು ಇನ್ನೊಬ್ರ ಕುತ್ತಿಗೆಗೆ. ಕೊಡುವಾಗ ಬಾಯಿ ಬಿಟ್ಟು ಹೇಳ್ಬೇಕು, ಇನ್ನು ನೀನು ಅಂತ. ಸುರುವಿಗೆ ನಗಾಡಿದ್ರು, ಈಗ ಮಕ್ಕಳೇ ಬೈರಾಸು ಯಾರತ್ರ ಅಂತ ಕೇಳ್ತಾರೆ. ಈಜು ಬಾರದ ಸಣ್ಣ ಮಕ್ಕಳಾದ್ರೆ ಬೈರಾಸು ಸಾಕಾಗುವುದಿಲ್ಲ, ಕೈ ಚಾಚಿದ್ರೆ ಸಿಕ್ಕುವಷ್ಟು ಹತ್ರ ನೀವೂ ನೀರಲ್ಲೇ ಇರ್ಬೇಕು. ತೋಳಿಗೆ ಹಾಕುವ ಗಾಳಿ ತುಂಬಿದ ಬಲೂನು, ಬಾತುಕೋಳಿ ಟ್ಯೂಬು, ಅದೆಲ್ಲ ಆಟಿಕೆ, ಜಾರಿ ಹೋದ್ರೆ ಗೊತ್ತೂ ಆಗುವುದಿಲ್ಲ. ಮನೆಯಲ್ಲಿ ಅಂಬೆಗಾಲಿನ ಮಗು ಇದ್ರೆ ಬಚ್ಚಲಿನ ಬಕೆಟ್ಟೂ ಒಂದು ಕೊಳವೇ, ಖಾಲಿ ಮಾಡಿ ಬೋರಲು ಹಾಕಿಡಿ.

ಇನ್ನು ದೋಟಿ. ಯಾರಾದ್ರೂ ಮುಳುಗ್ತಾ ಇದ್ದದ್ದು ಕಂಡ ಕೂಡ್ಲೆ ನಮ್ಮ ಮೈ ಹೇಳುವುದು ಹಾರು ಅಂತ. ಹಾರ್ಬೇಡಿ. ಉಸಿರಿಗೆ ಒದ್ದಾಡುವವರಿಗೆ ನೀವು ಅಣ್ಣನೂ ಅಲ್ಲ ಅಮ್ಮನೂ ಅಲ್ಲ, ಹತ್ತಿ ನಿಲ್ಲುವ ಒಂದು ಮೆಟ್ಟಿಲು. ಹೆಗಲು ಹತ್ತಿ ತಲೆ ಒತ್ತಿ ನಿಮ್ಮನ್ನು ಕೆಳಗೆ ಹಾಕಿ ಬಿಡ್ತಾರೆ, ಬೇಕು ಅಂತ ಅಲ್ಲ. ನಮ್ಮ ಪೇಪರಲ್ಲಿ ಪ್ರತಿ ಬೇಸಿಗೆ ಬರ್ತದಲ್ಲ, ಹೊಳೆಯಲ್ಲಿ ಅಣ್ಣ ತಮ್ಮ ಇಬ್ರೂ, ಕೋರೆಯಲ್ಲಿ ಮೂವರು ಗೆಳೆಯರು, ಅದರಲ್ಲಿ ಮೊದ್ಲು ಬಿದ್ದವ ಒಬ್ಬನೇ, ಮತ್ತಿನವರು ಎಳೀಲಿಕ್ಕೆ ಹೋದವರು.

ಮೊದ್ಲು ಬೊಬ್ಬೆ ಹೊಡಿರಿ, ಜನ ಬರ್ಲಿ. ಆಮೇಲೆ ದಂಡೆಯಲ್ಲಿ ಕವುಚಿ ಮಲಗಿ, ನಿಂತು ಬಾಗಿದ್ರೆ ಅವರ ಎಳ್ತಕ್ಕೆ ನೀವೇ ಒಳಗೆ. ಮಲಗಿ ಏನಾದ್ರೂ ಉದ್ದದ್ದು ಚಾಚಿ, ದೋಟಿ ಇದ್ರೆ ದೋಟಿ, ಇಲ್ಲದಿದ್ರೆ ಕೊಳ ಕ್ಲೀನ್ ಮಾಡುವ ಬಲೆಯ ಕೋಲು, ಸೀರೆ, ಚೂಡಿದಾರದ ಶಾಲು. ಏನೂ ಇಲ್ವಾ, ಉಟ್ಟ ಮುಂಡು ಬಿಚ್ಚಿ ಒಂದು ತುದಿ ಎಸೀರಿ, ಒಳಗೆ ಚಡ್ಡಿ ಉಂಟಲ್ಲ, ಇಲ್ಲದಿದ್ರೂ ಅವತ್ತು ಯಾರೂ ನೋಡುವುದಿಲ್ಲ. (ಇಲ್ಲಿ ಎಲ್ರೂ ನಗಾಡಿದ್ರು, ಆದ್ರೆ ನಾನು ಹೇಳಿದ್ದು ತಮಾಷೆಗೆ ಅಲ್ಲ.) ದೂರ ಇದ್ರೆ ತೇಲುವಂಥದ್ದು ಎಸೀರಿ, ಮುಚ್ಚಳ ಬಿಗಿ ಮಾಡಿದ ಖಾಲಿ ಕ್ಯಾನು, ಒಣ ತೆಂಗಿನಕಾಯಿ ಆದ್ರೂ ಆದೀತು, ಮುಖಕ್ಕೆ ಮಾತ್ರ ಹೊಡೀಬೇಡಿ. ಕ್ಯಾನಿಗೆ ಬಾವಿಹಗ್ಗ ಕಟ್ಟಿ ಕೊಳದ ಪಕ್ಕ ನೇತುಹಾಕಿದ್ರೆ ನೂರಿನ್ನೂರು ರೂಪಾಯಿಯಲ್ಲಿ ಕೆಲಸ ಮುಗೀತು.

ಎಳ್ದು ಹಾಕಿದ ಮೇಲೆ ನಮ್ಮವರು ಮಾಡುವ ದೊಡ್ಡ ತಪ್ಪು, ಹೊಟ್ಟೆ ಒತ್ತಿ ನೀರು ತೆಗೆಯುವುದು. ಮಕ್ಕಳನ್ನು ಕಾಲು ಹಿಡಿದು ತಲೆಕೆಳಗೆ ತಿರುಗಿಸುವುದು, ಹೆಗಲ ಮೇಲೆ ಬೋರಲು ಹಾಕ್ಕೊಂಡು ಓಡುವುದು, ಇದೆಲ್ಲ ನಾನು ಕಣ್ಣಲ್ಲಿ ಕಂಡದ್ದೇ. ಹೊಟ್ಟೆ ಒತ್ತಿದ್ರೆ ಬರುವುದು ಹೊಟ್ಟೆಯ ಅನ್ನ ಸಾರು, ಅದು ಶ್ವಾಸಕೋಶಕ್ಕೆ ಹೋಗ್ತದೆ. ಮುಳುಗಿದವರಿಗೆ ಇಲ್ಲದ್ದು ಗಾಳಿ, ಕೊಡ್ಬೇಕಾದ್ದೂ ಗಾಳಿಯೇ. ಉಸಿರು ಇಲ್ಲ ಅಂತಾದ್ರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ, ಎದೆ ಮೇಲೇಳುವುದು ಕಾಣ್ಬೇಕು. ಸುರುವಿಗೆ 2 ಸಲ ಅಂತ ಕೆಲವು ಕಡೆ ಕಲಿಸ್ತಾರೆ, 5 ಅಂತ ಕೆಲವು ಕಡೆ, ಎರಡರಲ್ಲಿ ಯಾವುದಾದ್ರೂ ಸರಿ, ಸುಮ್ನೆ ನಿಲ್ಬೇಡಿ. ಆಮೇಲೆ ಎದೆಯ ನಡುವೆ ಅಂಗೈ ಇಟ್ಟು 30 ಸಲ ಒತ್ತು, ದೊಡ್ಡವರಿಗೆ ಎರಡು ಇಂಚು ಕೆಳಗೆ ಹೋಗುವಷ್ಟು, ಸೆಕೆಂಡಿಗೆ ಎರಡರ ಹತ್ರ ಹತ್ರ, ಮತ್ತೆ 2 ಉಸಿರು, ಮತ್ತೆ 30. ಅಷ್ಟರಲ್ಲಿ ಇನ್ನೊಬ್ರು 108ಕ್ಕೆ ಫೋನ್ ಮಾಡ್ಲಿ, ಸಿಕ್ಕದಿದ್ರೆ 112. ಎಚ್ಚರ ಬಂದು ಎದ್ದು ಕೂತು ಚಾ ಕುಡಿದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ಲೇಬೇಕು, ಉಸಿರಾಟದ ತೊಂದ್ರೆ ಕೆಲವು ಗಂಟೆ ಕಳ್ದು ಜೋರಾದದ್ದು ಉಂಟು. ಇದನ್ನು ಮಾತಲ್ಲಿ ಕೇಳಿದ್ರೆ ಬರುವುದಿಲ್ಲ, ಬೊಂಬೆಯ ಮೇಲೆ ಒತ್ತಿ ಕಲೀಬೇಕು, ಯುವಕ ಮಂಡಲದವರು ಕ್ರಿಕೆಟ್ ಟೂರ್ನಮೆಂಟಿನ ಜೊತೆ ಇದನ್ನೂ ಒಂದು ದಿನ ಇಡಿ ಅಂತ ನನ್ನ ಬೇಡಿಕೆ.

ಹುಡುಗರಿಗೆ ಎರಡು ಮಾತು. ಒಂದು, ತಲೆ ಕೆಳಗೆ ಮಾಡಿ ಹಾರುವುದು. ಕೆರೆಕಟ್ಟೆಯಿಂದ ಹಾರಿದ ಅಭ್ಯಾಸದಲ್ಲಿ 4 ಅಡಿ ಕೊಳಕ್ಕೂ ಹಾರ್ತೀರಿ, ತಲೆ ತಳಕ್ಕೆ ಬಡಿದ್ರೆ ಮುರಿಯುವುದು ಕುತ್ತಿಗೆ, ಆಮೇಲೆ ಜೀವಮಾನ ಇಡೀ ಹಾಸಿಗೆ. 9 ಅಡಿ ನೀರಿಲ್ಲದ ಕಡೆ ತಲೆ ಮುಂದೆ ಹಾಕಿ ಹಾರುವುದು ಬೇಡ. ಎರಡು, ದಮ್ಮು ಕಟ್ಟುವ ಪಂಥ. ಯಾರು ಜಾಸ್ತಿ ಹೊತ್ತು ಮುಳುಗಿ ಕೂರುವುದು ಅಂತ, ಅದಕ್ಕೆ ಮೊದ್ಲು ಹತ್ತು ಹದಿನೈದು ಸಲ ಜೋರು ಜೋರು ಉಸಿರೆಳ್ದು ಬಿಡುವುದು. ನಾವೂ ಮಾಡಿದ್ದೇವೆ, ಬದುಕಿದ್ದು ಪುಣ್ಯ. ಮೇಲೆ ಬಾ, ಉಸಿರು ತಕ್ಕೊ ಅಂತ ಮೈ ಒತ್ತಾಯ ಮಾಡುವುದು ಆಕ್ಸಿಜನ್ ಕಮ್ಮಿ ಆದ್ದರಿಂದ ಅಲ್ಲ, ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿದ್ದರಿಂದ. ಜೋರು ಉಸಿರು ಬಿಟ್ಟು ಬಿಟ್ಟು ಅದನ್ನು ಮೊದ್ಲೇ ಹೊರಗೆ ಹಾಕಿದ್ರೆ ಗಂಟೆ ಹೊಡೆಯುವವನನ್ನೇ ಮನೆಗೆ ಕಳ್ಸಿದ ಹಾಗೆ, ಆಕ್ಸಿಜನ್ ಮುಗ್ದು ಎಚ್ಚರ ತಪ್ತದೆ, ಒದ್ದಾಟವೂ ಇಲ್ಲ ಗುಳ್ಳೆಯೂ ಇಲ್ಲ. ಮೇಲಿದ್ದವರು ಭಾರಿ ದಮ್ಮು ಇವನಿಗೆ ಅಂತ ಎಣಿಸ್ತಾ ಕೂತಿರ್ತಾರೆ. ಇದು ಚೆನ್ನಾಗಿ ಈಜು ಬರುವವರಿಗೇ ಆಗುವಂಥದ್ದು.

ಕೊಳದ ತಳದಲ್ಲಿ, ಸ್ಪಾ ಟಬ್ಬಿನ ಬದಿಯಲ್ಲಿ ಒಂದು ಜಾಲರಿ ಇರ್ತದೆ, ನೀರು ಎಳ್ಕೊಳ್ಳುವ ಬಾಯಿ ಅದು. ಅಮೆರಿಕದ ವಿದೇಶಾಂಗ ಮಂತ್ರಿ ಆಗಿದ್ದ ಜೇಮ್ಸ್ ಬೇಕರ್ ಅವರ ಮೊಮ್ಮಗಳು, 7 ವರ್ಷದ ವರ್ಜೀನಿಯಾ ಗ್ರೇಮ್ ಬೇಕರ್, 2002ರಲ್ಲಿ ಒಂದು ಸ್ಪಾ ಟಬ್ಬಿನ ಆ ಬಾಯಿಗೆ ಅಂಟಿಕೊಂಡ್ಲು. ಈಜು ಬರ್ತಿದ್ದ ಹುಡುಗಿ. ಅಮ್ಮ ಎಳ್ದ್ರು, ಬರ್ಲಿಲ್ಲ. ಕಡೆಗೆ ಇಬ್ರು ಸೇರಿ ಎಳ್ದ ಎಳ್ತಕ್ಕೆ ಜಾಲರಿಯೇ ತುಂಡಾಯ್ತು, ಆಗ ಬಿಟ್ಟದ್ದು, ಅಷ್ಟರಲ್ಲಿ ಹೊತ್ತು ಮೀರಿತ್ತು. ಆ ತಾಯಿ ಸುಮ್ನೆ ಕೂರ್ಲಿಲ್ಲ, 2007ರಲ್ಲಿ ಆ ಹುಡುಗಿಯ ಹೆಸರಲ್ಲೇ ಅಲ್ಲಿ ಕಾನೂನು ಬಂತು, ಮೈ ಅಂಟಿಕೊಳ್ಳದ ಹಾಗೆ ಮಾಡಿದ ಮುಚ್ಚಳವೇ ಬೇಕು ಅಂತ. ತೋಟಕ್ಕೆ ನೀರು ಬಿಡುವಾಗ ಪಂಪಿನ ಫುಟ್‌ವಾಲ್ವಿಗೆ ಅಂಗೈ ಇಟ್ಟು ನೋಡಿದವರಿಗೆ ಆ ಎಳ್ತ ಎಷ್ಟು ಅಂತ ಹೇಳ್ಬೇಕಾಗಿಲ್ಲ. ಜಾಲರಿ ಮುರಿದಿದ್ರೆ, ಸ್ಕ್ರೂ ಬಿಟ್ಟಿದ್ರೆ ಆ ಕೊಳಕ್ಕೆ ಯಾರೂ ಇಳೀಬಾರ್ದು. ಉದ್ದ ಕೂದಲಿನವರು ಜಡೆ ಕಟ್ಟಿ ಇಳೀರಿ. ಹೋದ ಕೂಡ್ಲೆ ಪಂಪಿನ ಸ್ವಿಚ್ಚು ಎಲ್ಲಿ ಅಂತ ಕೇಳಿಟ್ಕೊಳ್ಳಿ, ಯಾರಾದ್ರೂ ಸಿಕ್ಕಿಕೊಂಡ್ರೆ ಎಳೆಯುವ ಮೊದ್ಲು ಅದು ಆಫ್ ಆಗ್ಬೇಕು.

ನೀರಿನ ವಿಷಯಕ್ಕೆ ಬರ್ತೇನೆ. ಕೊಳದ ಹತ್ರ ಮೂಗಿಗೆ ರಪ್ಪ ಅಂತ ವಾಸ್ನೆ ಹೊಡಿದ್ರೆ ಓ ಭಾರಿ ಕ್ಲೋರಿನ್ ಹಾಕಿದ್ದಾರೆ ಕ್ಲೀನ್ ಉಂಟು ಅಂತ ನಾವು ಹೇಳ್ತೇವೆ. ಉಲ್ಟಾ ಮಾರಾಯ್ರೆ. ಬೆವರು ಮೂತ್ರ ಎಲ್ಲ ಸೇರಿ ಕ್ಲೋರಿನ್ ಜೊತೆ ಕೂಡಿದಾಗ ಬರುವ ಕ್ಲೋರಮೈನಿನ ವಾಸ್ನೆ ಅದು, ಕಣ್ಣು ಉರಿಯುವುದೂ ಅದರಿಂದಲೇ. ಸರಿಯಾಗಿ ಇಟ್ಟ ಕೊಳ ಅಷ್ಟಾಗಿ ವಾಸ್ನೆ ಬರುವುದಿಲ್ಲ. ಲೀಟರಿಗೆ ಕಮ್ಮಿ ಅಂದ್ರೂ 1 ಮಿಲಿಗ್ರಾಂ ಕ್ಲೋರಿನ್ ಇರ್ಬೇಕು, ಬಿಸಿನೀರಿನ ಟಬ್ಬಾದ್ರೆ 3, ಪಿಎಚ್ 7ರಿಂದ 7.8ರ ಒಳಗೆ. ಅದ್ದಿ ನೋಡುವ ಸ್ಟ್ರಿಪ್ ಸಿಗ್ತದೆ, ಬಣ್ಣ ನೋಡಿದ್ರೆ ಗೊತ್ತಾಗ್ತದೆ. ಅದೂ ಇಲ್ಲದಿದ್ರೆ ಒಂದು ಸುಲಭದ ಪರೀಕ್ಷೆ, ಆಳದ ಕಡೆಯ ತಳದ ಜಾಲರಿ ಸ್ಪಷ್ಟ ಕಾಣ್ಬೇಕು. ಕಾಣದಿದ್ರೆ ಮುಳುಗಿದ ಮನುಷ್ಯನೂ ಕಾಣುವುದಿಲ್ಲ. ಭೇದಿ ಆದವರು ಇಳೀಬೇಡಿ, ಕ್ರಿಪ್ಟೋ (ಕ್ರಿಪ್ಟೋಸ್ಪೊರಿಡಿಯಂ) ಅಂತ ಭೇದಿ ತರುವ ಒಂದು ಸೂಕ್ಷ್ಮಜೀವಿ ಉಂಟು, ಸರಿಯಾದ ಕ್ಲೋರಿನ್ ಇದ್ರೂ ಒಂದು ವಾರಕ್ಕಿಂತ ಜಾಸ್ತಿ ಬದುಕ್ತದೆ.

ಮದ್ದು ಬೆರೆಸುವುದು ನಮ್ಮ ತೋಟದವರಿಗೆ ಹೇಳಿಕೊಡ್ಬೇಕಾ? ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ ಮಾಡುವಾಗ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು ಒಂದು ಕಿಲೋ ಸುಣ್ಣ, ಬೇರೆ ಬೇರೆ ಡ್ರಮ್ಮಲ್ಲಿ ಕರಗಿಸಿ, ಯಾವುದು ಯಾವುದಕ್ಕೆ ಹೊಯ್ಯುವುದು ಅಂತ ಜಗಳ ಮಾಡುವಷ್ಟು ಶಿಸ್ತು ನಮ್ಮದು. ಅದೇ ಜನ ಕೊಳದ ಪಂಪ್‌ಹೌಸಲ್ಲಿ ಬ್ಲೀಚಿಂಗ್ ಪೌಡರಿನ ಬಕೆಟ್ಟಿಗೇ ಆಸಿಡ್ ಹೊಯ್ಯುವುದು ಕಂಡಿದ್ದೇನೆ. ಅದ್ರಿಂದ ಏಳುವುದು ಕ್ಲೋರಿನ್ ಗ್ಯಾಸು, ಮುಚ್ಚಿದ ಕೋಣೆಯಲ್ಲಿ ಎರಡು ಉಸಿರು ಸಾಕು ಆಸ್ಪತ್ರೆಗೆ ಹೋಗ್ಲಿಕ್ಕೆ. ಎರಡು ಮದ್ದು ಯಾವತ್ತೂ ಒಟ್ಟಿಗೆ ಬೇಡ, ಒಂದಕ್ಕೆ ಹಾಕಿದ ಚಮಚ ಇನ್ನೊಂದಕ್ಕೆ ಬೇಡ, ಮತ್ತೆ ನೀರಿಗೆ ಮದ್ದು ಹಾಕಿ, ಮದ್ದಿಗೆ ನೀರು ಹೊಯ್ಯಬೇಡಿ.

ಈಗ ನೀವೆಲ್ಲ ಕಾಯ್ತಾ ಇರುವ ಅಮೀಬಾ. 2024ರಲ್ಲಿ ಕೇರಳದಲ್ಲಿ ಮಕ್ಕಳು ಹೋದ್ರು, 2025ರಲ್ಲಿ ಕೇಸು ಇನ್ನೂ ಜಾಸ್ತಿ ಆಗಿ ಬಾವಿ, ಕೆರೆ, ಟ್ಯಾಂಕಿಗೆಲ್ಲ ಕ್ಲೋರಿನ್ ಹಾಕುವ ಅಭಿಯಾನ ಸರಕಾರವೇ ಮಾಡಿತು. ಮಿದುಳು ತಿನ್ನುವ ಅಮೀಬಾ ಅಂತ ಹೆದರಿಸುವ ನೇಗ್ಲೇರಿಯಾ ಫೌಲೆರಿ ಬಿಸಿ ಬಿಸಿ ಸಿಹಿನೀರಲ್ಲಿ, ಕೆಸರಲ್ಲಿ ಇರುವಂಥದ್ದು. ಕುಡಿದ್ರೆ ಬರುವುದಿಲ್ಲ, ಒಬ್ರಿಂದ ಒಬ್ರಿಗೂ ಬರುವುದಿಲ್ಲ, ನೀರು ಮೂಗಿನ ಮೇಲಕ್ಕೆ ನುಗ್ಗಿದಾಗ ಮಾತ್ರ ಮಿದುಳಿಗೆ ದಾರಿ. ಉಪ್ಪುನೀರಲ್ಲಿ ಇಲ್ಲ, ಸರಿ ಕ್ಲೋರಿನ್ ಇರುವ ಕೊಳದಲ್ಲೂ ಬದುಕುವುದಿಲ್ಲ, ಕ್ಲೋರಿನ್ ನೋಡದ ಕೊಳದಲ್ಲಿ ಇರ್ಬಹುದು. ಬಂದ್ರೆ ನೂರರಲ್ಲಿ 97 ಜನ ಉಳಿಯದ ಕಾಯಿಲೆ, ಆದ್ರೆ 2024ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ 14 ವರ್ಷದ ಒಬ್ಬ ಹುಡುಗ ಬದುಕಿ ಮನೆಗೆ ಬಂದ, ಬೇಗ ಗೊತ್ತಾದದ್ದರಿಂದ. ಹಾಗಾಗಿ ಕೆರೆಗೆ ಹೋಗ್ಲೇಬೇಡಿ ಅಂತ ನಾನು ಹೇಳುವವನಲ್ಲ, ಮಕ್ಕಳು ಈಜು ಕಲಿಯದೆ ಇದ್ರೆ ಅದರಿಂದ ಹೋಗುವ ಜೀವವೇ ಜಾಸ್ತಿ. ಬೇಸಿಗೆಯಲ್ಲಿ ನೀರು ಬತ್ತಿ ಪಾಚಿಗಟ್ಟಿದ ಕೆರೆ ಬೇಡ, ತಳದ ಕೆಸರು ಕಲಕಬೇಡಿ, ಮೂಗಿಗೆ ಕ್ಲಿಪ್ ಹಾಕಿ ಇಲ್ಲದಿದ್ರೆ ತಲೆ ಮೇಲಿಟ್ಟೇ ಈಜಿ. ನೀರಿಗಿಳಿದ ಎರಡು ವಾರದ ಒಳಗೆ ಜೋರು ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಗ್ಗಿಸ್ಲಿಕ್ಕೆ ಆಗದ್ದು ಬಂದ್ರೆ ಡಾಕ್ಟ್ರತ್ರ ಮೊದ್ಲ ಮಾತು ಕೆರೆಗೆ ಇಳಿದಿದ್ದೆ ಅಂತ ಇರ್ಲಿ, ಅವರು ಕೇಳುವವರೆಗೆ ಕಾಯ್ಬೇಡಿ.

ಬಿಸಿನೀರಿನ ಟಬ್ಬು, ಜಕೂಝಿ, ಇದರಲ್ಲಿ ನಾನೇ ಬಿದ್ದವ. ಮಗ ಒಂದು ರೆಸಾರ್ಟಿಗೆ ಕರ್ಕೊಂಡು ಹೋಗಿದ್ದ, ಹೆಸರು ಬೇಡ. ಗುಳುಗುಳು ಗುಳ್ಳೆ ಏಳುವ ನೀರು, ಅಜ್ಜಿ ಕಾಲದ ಹಂಡೆಯೊಳಗೇ ಕೂತ ಹಾಗೆ ಭಾರಿ ಸುಖ, ಅರ್ಧ ಗಂಟೆ ಕೂತೆ. ಬೆಳಗ್ಗೆ ಬಿಪಿ ಮಾತ್ರೆ ತಕ್ಕೊಂಡಿದ್ದೆ. ಏಳ್ತೇನೆ, ಕಣ್ಣು ಕತ್ತಲೆ, ಮೆಟ್ಟಿಲಿಗೆ ಮೊಣಕಾಲು ಬಡಿದು ಹಾಗೇ ಕುಸಿದೆ, ಸೊಸೆ ಹಿಡ್ಕೊಂಡದ್ದಕ್ಕೆ ಇವತ್ತು ಇಲ್ಲಿ ಮೈಕ್ ಹಿಡ್ಕೊಂಡಿದ್ದೇನೆ. ಬಿಸಿಗೆ ರಕ್ತನಾಳ ಎಲ್ಲ ಹಿಗ್ಗಿ ಬಿಪಿ ಇಳೀತದೆ, ಮಾತ್ರೆಯೂ ಅದನ್ನೇ ಮಾಡ್ತದೆ, ಎರಡೂ ಸೇರಿದ್ರೆ ತಲೆಗೆ ರಕ್ತ ಇಲ್ಲ. ಕುಡಿದು ಕೂತ್ರೆ ಇನ್ನೂ ಬೇಗ. 40 ಡಿಗ್ರಿಗಿಂತ ಬಿಸಿ ಇರ್ಲೇಬಾರ್ದು, ಹತ್ತು ಹದಿನೈದು ನಿಮಿಷ ಸಾಕು, ಒಬ್ರೇ ಕೂರ್ಬೇಡಿ. ಬಸುರಿಯರಿಗೆ, 5 ವರ್ಷದ ಒಳಗಿನ ಮಕ್ಕಳಿಗೆ ಬೇಡವೇ ಬೇಡ. ಬಿಸಿಗೆ ಕ್ಲೋರಿನ್ ಬೇಗ ಆರಿಹೋಗ್ತದೆ, ಆಗ ಲೀಜಿಯೊನೆಲ್ಲಾ ಅಂತ ಬ್ಯಾಕ್ಟೀರಿಯ ಬೆಳೀತದೆ, ಗುಳ್ಳೆ ಒಡೆದು ಏಳುವ ಹಬೆಯಲ್ಲಿ ಉಸಿರಿನ ಒಳಗೆ ಹೋಗಿ ನ್ಯುಮೋನಿಯ. ಟಬ್ಬು ಲೋಳೆ ಲೋಳೆ ಜಾರಿದ್ರೆ ಹಾಗೇ ವಾಪಸ್ ಬನ್ನಿ, ದುಡ್ಡು ಹೋದ್ರೆ ಹೋಗ್ಲಿ.

ಬೇಗ ಮುಗಿಸ್ತೇನೆ, ಚಾ ಬಂತು. ಮನೆಯ ಕೊಳಕ್ಕೆ ನಾಲ್ಕೂ ಬದಿ 4 ಅಡಿ ಎತ್ತರದ ಬೇಲಿ, ತನ್ನಷ್ಟಕ್ಕೆ ಮುಚ್ಚಿ ಕೊಂಡಿ ಬೀಳುವ ಗೇಟು. ಮನೆಯ ಗೋಡೆಯೇ ಒಂದು ಬದಿ ಅಂತ ಬಿಟ್ರೆ ಅಡಿಗೆಕೋಣೆಯ ಬಾಗಿಲಿಂದ ಮಗು ಸೀದಾ ನೀರಿಗೆ. ಕೊಳದ ಲೈಟಿಗೆ ಪಂಪಿಗೆ ಆರ್‌ಸಿಸಿಬಿ ಹಾಕ್ಸಿ, ಕರೆಂಟು ಸೋರಿದ್ರೆ ತನ್ನಷ್ಟಕ್ಕೆ ಆಫ್ ಆಗುವ ಸ್ವಿಚ್ಚು ಅದು. ಎಪ್ರಿಲ್ ಮೇಯ ಗುಡುಗು, ತುಲಾ ತಿಂಗಳ (ಅಕ್ಟೋಬರ ನವೆಂಬರ) ಸಂಜೆ ಗುಡುಗು ನಮ್ಮಲ್ಲಿ ಹೇಗೆ ಅಂತ ಗೊತ್ತುಂಟಲ್ಲ, ಗುಡುಗು ಕೇಳಿದ ಕೂಡ್ಲೆ ಎಲ್ರೂ ಮೇಲೆ, ಕಡೇ ಗುಡುಗು ಆಗಿ ಅರ್ಧ ಗಂಟೆ ಯಾರೂ ಇಳಿಯುವುದು ಬೇಡ. ವಿಶ್ವಸಂಸ್ಥೆಯವರು ಜುಲೈ 25ನ್ನು ನೀರಲ್ಲಿ ಮುಳುಗಿ ಸಾಯುವುದನ್ನು ತಡೆಯುವ ದಿನ ಅಂತ 2021ರಿಂದ ಮಾಡ್ತಾರೆ, ಒಳ್ಳೇದೇ, ಆದ್ರೆ ಜುಲೈಯಲ್ಲಿ ನಮ್ಮಲ್ಲಿ ಮಳೆ ಸುರೀತಾ ಇರ್ತದೆ, ಮಕ್ಕಳೆಲ್ಲ ಶಾಲೆಯಲ್ಲಿ. ನಮ್ಮ ದಿನ ಶಾಲೆ ಮುಚ್ಚುವ ದಿನವೇ ಆಗ್ಬೇಕು.

ಪ್ರಶ್ನೆ ಕೇಳಿದವರು ಮೂರೇ ಜನ. ಈಜು ಕಲೀಲಿಕ್ಕೆ ಎಷ್ಟು ವಯಸ್ಸು ಅಂತ ಒಬ್ರು ಅಮ್ಮ ಕೇಳಿದ್ರು, ನಾಲ್ಕಕ್ಕೆ ಸುರು ಮಾಡ್ಬಹುದು, ನಲ್ವತ್ತಕ್ಕೂ ಆಗ್ತದೆ, ನೀವೂ ಬನ್ನಿ ಅಂದೆ. ಈಜು ಬಂದ್ರೆ ಮತ್ತೆ ಕಾವಲು ಬೇಡ ಅಲ್ವಾ ಅಂತ ಒಬ್ಬ ಹುಡುಗ, ಬೇಕು, ದಮ್ಮು ಕಟ್ಟುವ ಪಂಥ ಈಗಷ್ಟೇ ಹೇಳಿದ್ದೆ, ನೀನು ಆಗ ಫೋನ್ ನೋಡ್ತಾ ಇದ್ದಿ. ಮೂರನೆಯವರು ಹೋಂಸ್ಟೇ ಇಟ್ಟವರು. ಎಲ್ಲ ಮುಗ್ದು ನಾನು ಚಪ್ಪಲಿ ಹುಡುಕ್ತಾ ಇರುವಾಗ ಬಂದು, ಮಾಷ್ಟ್ರೆ ಆ ರೆಸ್ಕ್ಯೂ ಪೋಲ್ ಅಂತ ಆನ್‌ಲೈನಲ್ಲಿ ನೋಡಿದೆ, ಭಾರಿ ರೇಟು, ನಮ್ಮ ಅಡಿಕೆ ಕೊಯ್ಯುವ ಹಳೇ ದೋಟಿ ಇಟ್ರೆ ಸಾಕಾ ಅಂದ್ರು. ಧಾರಾಳ ಸಾಕು, ಗೋಡೆಗೆ ಒರಗಿಸಿ ಎಲ್ರಿಗೂ ಕಾಣುವ ಹಾಗೆ ಇಡಿ ಅಂದೆ. ಅವರು ಬೈಕ್ ಸ್ಟಾರ್ಟ್ ಮಾಡಿ ಗೇಟಿನ ಹತ್ರ ಹೋದ ಮೇಲೆ ನೆನಪಾದದ್ದು, ಅಲ್ಲಿಂದಲೇ ಬೊಬ್ಬೆ ಹೊಡ್ದೆ, ತುದಿಯ ಕತ್ತಿ ಬಿಚ್ಚಿ ಇಡಿ ಮಾರಾಯ್ರೆ ಅಂತ.